ತೂಗುವ ಮೆಟ್ಟಿಲಿಗೆ ಬಣ್ಣ ಬಳಿಸಿದವರಿಗೆ

ಕಟ್ಟಡಗಳ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಲಬುರಗಿಯ ಜಗತ್ ವೃತ್ತದ ಬಳಿ ಇರುವ ಕೋಚಿಂಗ್ ಕೇಂದ್ರದ ಒಳಗಿನ ಕಬ್ಬಿಣದ ಮೆಟ್ಟಿಲನ್ನು ಮತ್ತೆ ತೆರೆಯಲು ತಾವು ಅನುಮತಿ ಕೊಟ್ಟಿದ್ದೀರಿ. ಸೋಮವಾರದಿಂದ ಮಕ್ಕಳು ಅದನ್ನು ಹತ್ತಲಿದ್ದಾರೆ. ಅದು ಬೀಳುತ್ತದೆ ಎಂದು ತಿಳಿಸಲು ಈ ಪತ್ರ.

ಕಮಲಾಪುರದಲ್ಲಿ ವಿಜ್ಞಾನ ಕಲಿಸುವವಳು ನಾನು. ದಿನಾ ಬಸ್ಸಿನಲ್ಲಿ ಹೋಗಿ ಆ ಕೇಂದ್ರದಲ್ಲಿ ಓದುತ್ತಿದ್ದ ಮಗಳು ಗೌತಮಿ ಮಳೆಗಾಲದಲ್ಲೇ ಹೇಳಿದ್ದಳು: “ಅವ್ವಾ, ಕ್ಲಾಸ್ ಬಿಟ್ಟಾಗ ಎಲ್ಲಾರೂ ಕೂಡಿ ಇಳಿದ್ರ ಮೆಟ್ಲಾ ಆ ಕಡಿ ಈ ಕಡಿ ತೂಗ್ತದ.” ಹೋಗಿ ನೋಡಿದೆ. ಕಂಬಗಳು ದಪ್ಪವಾಗಿಯೇ ಇದ್ದವು. ಅವು ಪಕ್ಕಕ್ಕೆ ವಾಲದಂತೆ ಹಿಡಿಯುವ ಓರೆ ಕಂಬಿಗಳು ಮಾತ್ರ ಇರಲಿಲ್ಲ. ಕೆಳಗೆ ಜೆರಾಕ್ಸ್ ಅಂಗಡಿಗೆ ಜಾಗ ಬೇಕೆಂದು ಅವನ್ನು ಕತ್ತರಿಸಿ ತೆಗೆದಿದ್ದರು.

ದೂರು ಕೊಟ್ಟೆ. ತಾವು ದಯಮಾಡಿಸಿದಿರಿ. ಖಾಲಿ ಮೆಟ್ಟಿಲ ಮೇಲೆ ಒಬ್ಬರೇ ನಿಂತು, ಬೂಟುಗಾಲಿನಿಂದ ಕುಟ್ಟಿ, “ಆನಿ ನಿಂತ್ರೂ ಏನೂ ಆಗಂಗಿಲ್ರೀ ಮೇಡಂ” ಎಂದಿರಿ. ಆನೆ ಕೆಳಕ್ಕೆ ಭಾರ ಹಾಕುತ್ತದೆ, ಮಾನ್ಯರೇ. ಆ ಮೆಟ್ಟಿಲನ್ನು ಕೆಡವಲಿರುವುದು ಪಕ್ಕದ ತೂಗಾಟ. ಅದನ್ನು ಒಬ್ಬರೇ ನಿಂತು ಪರೀಕ್ಷಿಸುವ ವಿದ್ಯೆಯನ್ನು ತಮಗೆ ಯಾವ ಕಾಲೇಜು ಕಲಿಸಿತು?

ಮರುವಾರ ಒಂದು ಸಂಜೆ ಅಲ್ಲಿ ಕರೆಂಟ್ ಹೋಯಿತು. ಯಾರೋ ಸುಟ್ಟ ವಾಸನೆ ಎಂದರು. ಮಕ್ಕಳೆಲ್ಲ ಒಟ್ಟಿಗೆ ಧಾವಿಸಿದರು. ಮೆಟ್ಟಿಲು ತೂಗಿತು, ಗೋಡೆಗೆ ಬಿಗಿದಿದ್ದ ಬೋಲ್ಟುಗಳು ಕಿತ್ತು ಬಂದವು, ಇಡೀ ಚೌಕಟ್ಟು ಗೋಡೆ ಬಿಟ್ಟು ಸರಿದು, ಮತ್ತೆ ಬಂದು ಬಡಿಯಿತು. ಗೌತಮಿಯ ಗೆಳತಿ ಆಸ್ಮಾ ಆಧಾರಕ್ಕೆಂದು ಗೋಡೆಯತ್ತ ಚಾಚಿದ ಬಲಗೈ ನಡುವೆ ಸಿಕ್ಕಿ ಜಜ್ಜಿಹೋಯಿತು. ಅವಳ ಹಿಂದೆಯೇ ಇದ್ದ ಗೌತಮಿ ಕಿರುಚಿದಳು: “ಓಡಬ್ಯಾಡ್ರಿ! ಇದ್ದಲ್ಲೇ ಕುಂದರ್ರಿ! ಯಾರೂ ಅಲಗಬ್ಯಾಡ್ರಿ!” ಕತ್ತಲಲ್ಲಿ ಒಬ್ಬೊಬ್ಬರಾಗಿ ಕೂತರು. ಕಬ್ಬಿಣದ ನರಳಾಟ ನಿಧಾನಕ್ಕೆ ನಿಂತಿತು. ಆಮೇಲೆ ಅವಳು ಒಬ್ಬೊಬ್ಬರನ್ನೇ ಇಳಿಸಿ, ಕೊನೆಗೆ ಆಸ್ಮಾಳನ್ನು ತಬ್ಬಿಕೊಂಡು ತಾನಿಳಿದಳು.

ಆಸ್ಮಾಳ ಬೆರಳುಗಳು ಈಗ ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ತಂದೆ ಝಹೀರ್ ಸಾಹೇಬರು ನನ್ನ ಮಗಳ ತಲೆ ನೇವರಿಸಿ, “ನೀ ಇಲ್ದಿದ್ರ ನಮ್ಮ ಬೇಟಿ ಉಳೀತಿರ್ಲಿಲ್ಲವ್ವಾ” ಎಂದರು. ಮತ್ತೆ ದೂರು ತಂದಾಗ ತಾವು ಹೇಳಿದ್ದು: “ಮೆಟ್ಲಾ ಬಿದ್ದಿಲ್ಲಲ್ರೀ? ಗಟ್ಟಿ ಅದ ಅನ್ನಾಕ ಅದೇ ಸಾಕ್ಷಿ.”

ಈಗ ಬೋಲ್ಟು ಕಿತ್ತ ತೂತುಗಳಿಗೆ ಸಿಮೆಂಟ್ ಮೆತ್ತಿ, ಚೌಕಟ್ಟಿಗೆ ಹಸಿರು ಬಣ್ಣ ಬಳಿದಿದ್ದಾರೆ. ನಿನ್ನೆ ಹೋಗಿ ಬರಿಗೈಯಿಂದ ತಳ್ಳಿದೆ. ತೂಗಿತು, ಮೊದಲಿಗಿಂತ ಸಲೀಸಾಗಿ.

ಓರೆ ಕಂಬಿಗಳನ್ನು ಮತ್ತೆ ಕೂರಿಸಿ, ಪಕ್ಕದ ಬಲವನ್ನು ಲೆಕ್ಕ ಹಾಕಬಲ್ಲ ಎಂಜಿನಿಯರರಿಂದ ಪರೀಕ್ಷೆ ಮಾಡಿಸುವವರೆಗೆ ಆ ಕೇಂದ್ರಕ್ಕೆ ಬೀಗ ಹಾಕಿಸಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಝಹೀರ್ ಸಾಹೇಬರೂ ನಾನೂ ಮೆಟ್ಟಿಲ ಮೇಲ್ತುದಿಯಲ್ಲಿ ಅಡ್ಡ ಕೂರುತ್ತೇವೆ. ನಮ್ಮನ್ನು ಎಬ್ಬಿಸಲು ತಾವು ಪೊಲೀಸರನ್ನು ಕಳಿಸಬಹುದು. ಒಂದೇ ಮಾತು ಅವರಿಗೆ ಮೊದಲೇ ಹೇಳಿ ಕಳಿಸಿ: ಎಲ್ಲರೂ ಒಟ್ಟಿಗೆ ಹತ್ತಬಾರದು.

ಇಂತಿ,
ಸೋಮವಾರದವರೆಗೆ ನಿದ್ದೆ ಬಾರದ
ಶೇವಂತಾ, ಕಮಲಾಪುರ