ಹೋದ ವರ್ಷ ಎಲ್ಲಿದ್ದಿರಿ?

ಬೆಟಗೇರಿ
ಕ್ರಿ.ಶ. 2197, ಎಣಿಕೆ ತಿಂಗಳ ಮೂವತ್ತಮೂರನೆಯ ದಿನ

ಪೂಜ್ಯ ಬನಶಂಕರಿ ಅಜ್ಜಿಯವರಿಗೆ, ನಿಮ್ಮ ವೀಣಾಳಿಂದ ಎಣಿಸಿದರೆ ಆರನೆಯ ತಲೆಮಾರಿನವಳಾದ ಇಳಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈ ತಿಂಗಳು ಎಣಿಕೆ ಮುಗಿಯುವವರೆಗೂ ಮುಗಿಯುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ನನಗೆ ತಿಳಿಯದು. ಈ ಪತ್ರ ಕೈಸೇರುವಾಗ ನಿಮಗೆ ಮೂವತ್ನಾಲ್ಕು, ಬರೆಯುವಾಗ ನನಗೆ ಅರವತ್ತೊಂದು. ಹಾಗಾಗಿ ಬೈಯುವ ಹಕ್ಕು ಇಬ್ಬರಿಗೂ ಇದೆ ಎಂದುಕೊಂಡಿದ್ದೇನೆ.

ನಿಮಗೆ ಇಂದು ಭಾನುವಾರ. ಫ್ಯಾನ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡುವ ನೀವು ಒಂದು ಪಟ್ಟಿಯನ್ನು ಮನೆಗೆ ತಂದಿದ್ದೀರಿ. ಕಂಪನಿಗಳ ಲಾಭದ ಮೇಲಿನ ತೆರಿಗೆ ಇಳಿಸಿದರೆ ಕೆಲಸಗಳು ಹುಟ್ಟುತ್ತವೆ ಎಂದು ನಿಮ್ಮ ಕಾಲದ ದೊಡ್ಡವರು ಹೇಳಿದ್ದರು. ನಿಮ್ಮ ಫ್ಯಾಕ್ಟರಿಯೂ ರಿಯಾಯಿತಿ ಪಡೆದು ಮುನ್ನೂರು ಹೊಸ ಕೆಲಸ ಕೊಡುತ್ತೇನೆ ಎಂದಿತ್ತು, ಕೊಟ್ಟಿತು ಕೂಡ. ಮುನ್ನೂರು ಜನ ಬಂದರು, ಫೋಟೊ ತೆಗೆಸಿಕೊಂಡರು, ಪೇಢೆ ಹಂಚಿದರು. ಆದರೆ ಹಾಜರಿ ಬಿಲ್ಲೆ ಕೊಡುತ್ತಿದ್ದ ನೀವು ಒಂದು ವಿಷಯ ಗಮನಿಸಿದಿರಿ. ತಂತಿ ಸುತ್ತುವ ಯಂತ್ರದ ಮುಂದೆ ಹೊಸಬರು ತಡವರಿಸಬೇಕಿತ್ತು, ಇವರ ಕೈ ತಾನಾಗಿಯೇ ಓಡುತ್ತಿತ್ತು. ಒಬ್ಬನನ್ನು ನಿಲ್ಲಿಸಿ ಕೇಳಿದಿರಿ.

“ಯಣ್ಣಾ, ಹ್ವಾದ ವರ್ಷ ಎಲ್ಲಿದ್ರಿ?”

“ಇದ ಕಂಪನ್ಯಾಗ ರೀ ಅಕ್ಕಾರ. ಹಾವೇರಿ ಶೆಡ್ಡಿಗೆ ಕೀಲಿ ಹಾಕಿ ನಮ್ಮನ್ನ ಇಲ್ಲಿಗೆ ತಂದಾರ.”

ಆಮೇಲೆ ನೀವು ಮುನ್ನೂರು ಜನರನ್ನೂ ಕೇಳಿದಿರಿ. ಇನ್ನೂರ ಹದಿನಾಲ್ಕು ಜನ ಹಾವೇರಿಯವರು, ನಿಜವಾಗಿ ಹೊಸಬರು ಎಂಬತ್ತಾರು. ಊರು ಬಿಟ್ಟು ಬರಲಾರದೆ ಕೆಲಸ ಕಳೆದುಕೊಂಡ ನೂರ ಮೂವತ್ತು ಹೆಂಗಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಸರ್ಕಾರದ ಸಮಿತಿಗೆ ಹೋಗುವ ಪಟ್ಟಿಯಲ್ಲಿ ಹೆಸರು ಒಂದು ಸಾಲು, ಕೆಲಸ ಒಂದು ಸಾಲು ಇದ್ದವು. ನೀವು ಸ್ಕೇಲ್ ಹಿಡಿದು ‘ಹೋದ ವರ್ಷ ಎಲ್ಲಿದ್ದಿರಿ’ ಎಂಬ ಮೂರನೆಯ ಸಾಲು ಎಳೆದು, ಎಲ್ಲರ ಉತ್ತರ ತುಂಬಿದಿರಿ. ಅದನ್ನು ಬಿಟ್ಟು ಸೋಮವಾರದೊಳಗೆ ಶುದ್ಧ ಪ್ರತಿ ಬರೆದು ತರಬೇಕೆಂದು ಮ್ಯಾನೇಜರ್ ಹೇಳಿದ್ದಾರೆ. ಅಲ್ಲೇ ಕೆಲಸಕ್ಕಿರುವ ನಿಮ್ಮ ಮೈದುನ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಇದೆಲ್ಲ ನಿಮ್ಮ ಮಗಳು ವೀಣಜ್ಜಿ ಮುಪ್ಪಿನಲ್ಲಿ ಹೇಳಿ ಬರೆಸಿದ ನೆನಪುಗಳಲ್ಲಿದೆ.

ಆ ಮೂರನೆಯ ಸಾಲು ನಮ್ಮ ಕಾಲದಲ್ಲಿ ಏನಾಗಿದೆ ಎಂದು ಹೇಳುತ್ತೇನೆ. ತೆರಿಗೆಯಲ್ಲಿ ಬಿಟ್ಟುಕೊಟ್ಟದ್ದನ್ನು ನಾವು ‘ಊರ ಪಾಲು’ ಎನ್ನುತ್ತೇವೆ, ಊರಿಗೆ ಸೇರಬೇಕಾದದ್ದು ಕಂಪನಿಯ ಬಳಿ ಉಳಿದಿದೆ ಎಂಬ ಅರ್ಥದಲ್ಲಿ. ಊರ ಪಾಲು ಇಟ್ಟುಕೊಂಡ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ‘ಬಾಗಿಲೆಣಿಕೆ’ಗೆ ಒಪ್ಪಬೇಕು. ಅಂದು ಗೇಟಿನ ಎರಡೂ ಕಡೆ ಚಾಪೆ ಹಾಸಿ ಊರವರು ಕೂರುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿರುತ್ತದೆ. ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಹೆಸರು, ಕೆಲಸ, ಹೋದ ವರ್ಷ ಎಲ್ಲಿದ್ದರು ಎಂದು ಹೇಳಿ ಒಳಗೆ ಹೋಗುತ್ತಾರೆ. ನಿರ್ದೇಶಕರೂ ಅದೇ ಸಾಲಿನಲ್ಲಿ ನಿಲ್ಲಬೇಕು, ಬಿಸಿಲಿದ್ದರೆ ಬಿಸಿಲಿನಲ್ಲೇ. ಪ್ರಶ್ನೆ ಕೇಳುವ ಕೆಲಸ ಹದಿನಾರು ವರ್ಷದಿಂದ ನನ್ನದು. ಈ ಸಲ ಒಂದು ಕಂಪನಿ ನಾಲ್ಕು ‘ತಾನ್ಗೈ’ಗಳನ್ನು ಸಾಲಿನಲ್ಲಿ ನಿಲ್ಲಿಸಿತ್ತು. ತಾನಾಗಿ ದುಡಿಯುವ, ಕೇಳಿದ್ದಕ್ಕೆ ಉತ್ತರಿಸುವ ಯಂತ್ರಗಳವು. ಹೋದ ವರ್ಷ ಎಲ್ಲಿದ್ದೆ ಎಂದು ಕೇಳಿದೆ. ಪಾಪ, ಅವಕ್ಕೆ ಸುಳ್ಳು ಬರುವುದಿಲ್ಲ. ಪೆಟ್ಟಿಗೆಯಲ್ಲಿದ್ದೆ ಎಂದವು. ಅವನ್ನು ತಲೆಯೆಂದು ಎಣಿಸಬೇಕೇ ಬೇಡವೇ ಎಂಬ ಜಗಳದಲ್ಲೇ ತಿಂಗಳು ಮೂವತ್ತಮೂರಕ್ಕೆ ಬಂದು ನಿಂತಿದೆ.

ನಮ್ಮನ್ನು ತೀರ ಜಾಣರೆಂದುಕೊಳ್ಳಬೇಡಿ. ನಿಮ್ಮ ನಂತರ ಮೂರು ತಲೆ ಕಳೆಯುವಷ್ಟರಲ್ಲಿ ಬೆಟಗೇರಿಯವರು ಒಂದು ತಪ್ಪು ಮಾಡಿದರು. ತೆರಿಗೆ ಇಳಿಸಿದರೆ ಎಂದೂ ಕೆಲಸ ಹುಟ್ಟದು ಎಂದು ತೀರ್ಮಾನಿಸಿ ಎಣಿಸುವುದನ್ನೇ ನಿಲ್ಲಿಸಿಬಿಟ್ಟರು. ಮಗ್ಗದ ಬಿಡಿಭಾಗ ಮಾಡುತ್ತಿದ್ದ ಹುಸೇನಸಾಬರು ಎರಡು ವರ್ಷದ ರಿಯಾಯಿತಿ ಕೇಳಿದ್ದರು, ಕೊಟ್ಟರೆ ಒಂಬತ್ತು ಹುಡುಗಿಯರಿಗೆ ಕೆಲಸ ಕೊಡುತ್ತೇನೆ ಎಂದಿದ್ದರು. ಪಂಚರು ನಿಮ್ಮ ಹೆಸರು ಹೇಳಿಯೇ ಅವರನ್ನು ಹಿಂದಕ್ಕೆ ಕಳಿಸಿದರು. ವರ್ಕ್‌ಶಾಪ್ ಮುಚ್ಚಿತು. ಆ ಒಂಬತ್ತರಲ್ಲಿ ಒಬ್ಬಳು ನನ್ನ ಅಜ್ಜಿ. ಮರುವರ್ಷ ಪಕ್ಕದ ಊರಿನಲ್ಲಿ ಅಂಥದೇ ವರ್ಕ್‌ಶಾಪಿಗೆ ರಿಯಾಯಿತಿ ಸಿಕ್ಕಿತು. ಅಲ್ಲಿನ ಬಾಗಿಲೆಣಿಕೆಯಲ್ಲಿ ಹನ್ನೊಂದು ಜನ, ಹೋದ ವರ್ಷ ಮನೆಯಲ್ಲಿ ಖಾಲಿ ಕೂತಿದ್ದೆವು ಎಂದು ಹೇಳಿದರು. ಅದನ್ನು ಕೇಳಿ ಬಂದ ನಮ್ಮ ಪಂಚರಿಗೆ ನಾಚಿಕೆಯಾಯಿತು. ನೀವು ಬರೆದದ್ದು ಒಂದು ಪ್ರಶ್ನೆ, ಇವರು ಅದನ್ನು ಉತ್ತರ ಮಾಡಿಕೊಂಡಿದ್ದರು. ರಿಯಾಯಿತಿ ಕೆಲವು ಕಡೆ ಕೆಲಸ ಕೊಡುತ್ತದೆ, ಕೆಲವು ಕಡೆ ಇದ್ದ ಕೆಲಸವನ್ನೇ ಎತ್ತಿ ಇನ್ನೊಂದೆಡೆ ಇಡುತ್ತದೆ, ಬಹಳ ಕಡೆ ಮೇಲಿನವರ ಜೇಬಿನಲ್ಲೇ ಉಳಿಯುತ್ತದೆ. ಯಾವುದು ಎಲ್ಲಿ ಎಂಬುದು ಗೇಟಿನಲ್ಲಿ ಕೂತು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈಗ ನಾಳೆಯ ಮಾತು. ಮುಚ್ಚುಮರೆ ಮಾಡುವುದಿಲ್ಲ, ಆ ಸಾಲು ಉಳಿಸಿದರೆ ನಿಮ್ಮ ಕೆಲಸ ಹೋಗುತ್ತದೆ. ಎರಡು ವರ್ಷ ಖಡಕ್ ರೊಟ್ಟಿ ಬಡಿದು ಮಾರುತ್ತೀರಿ. ಅಂಗೈ ಸುಟ್ಟ ಗುರುತು ಕೊನೆಯವರೆಗೂ ಇತ್ತು ಎಂದು ವೀಣಜ್ಜಿ ಹೇಳಿದ್ದಾರೆ. ಮೈದುನ ಮಾತಾಡಲು ಮೂರು ದೀಪಾವಳಿ ಬೇಕಾಗುತ್ತದೆ. ಆದರೆ ಸಮಿತಿಯಲ್ಲಿ ಯಾರೋ ಒಬ್ಬರು ಆ ಸಾಲನ್ನು ಓದುತ್ತಾರೆ. ಹಾವೇರಿ ಶೆಡ್ಡಿನ ಬೀಗ ತೆರೆದರೆ ಮಾತ್ರ ರಿಯಾಯಿತಿ ಎನ್ನುತ್ತಾರೆ. ಒಂದೂವರೆ ವರ್ಷಕ್ಕೆ ಬೀಗ ತೆರೆಯುತ್ತದೆ. ನೂರ ಮೂವತ್ತರಲ್ಲಿ ತೊಂಬತ್ತು ಹೆಂಗಸರು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಉಳಿದ ನಲವತ್ತು ಜನ ಏನಾದರೋ ನನಗೂ ತಿಳಿಯದು.

ಅಳಿಸಿದರೂ ನೀವು ನನ್ನ ಅಜ್ಜಿಯೇ. ಎಂಟು ವರ್ಷದ ಮಗಳಿರುವ ತಾಯಿಗೆ ಧೈರ್ಯ ಹೇಳುವುದು ನನಗೆ ಸುಲಭ, ನನ್ನ ಅನ್ನಕ್ಕೆ ಯಾರೂ ಕಲ್ಲು ಹಾಕುತ್ತಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ, ಆ ಸಾಲನ್ನು ಬಿಡಬೇಡಿ. ಅದರ ನೆರಳಿನಲ್ಲಿ ನಾವು ಇಷ್ಟು ಜನ ಉಂಡಿದ್ದೇವೆ. ನಿಮ್ಮ ಉಪಕಾರ ತೀರಿಸುವಂಥದ್ದಲ್ಲ.

ವೀಣಜ್ಜಿಯ ನೆನಪುಗಳಲ್ಲಿ ನಾನು ಒಂದು ವಿಷಯಕ್ಕಾಗಿ ತುಂಬ ಹುಡುಕಿದೆ. ಪಟ್ಟಿ ಕೊಟ್ಟು, ಬಿಲ್ಲೆ ಬಿಚ್ಚಿಟ್ಟು ನೀವು ಹೊರಗೆ ಬಂದಾಗ ಯಾರಾದರೂ ಜೊತೆಗಿದ್ದರೇ ಎಂದು. ಯಾರೂ ಇರಲಿಲ್ಲವಂತೆ, ಒಬ್ಬರೇ ಬಸ್‌ಸ್ಟ್ಯಾಂಡಿನವರೆಗೆ ನಡೆದಿರಂತೆ. ಅದಕ್ಕೇ ಇಷ್ಟು ದೂರದಿಂದ ಬರೆದೆ. ನಾಳೆ ಆ ರಸ್ತೆಯಲ್ಲಿ ನಿಮ್ಮ ಪಕ್ಕದಲ್ಲಿ ನಾನೂ ನಡೆಯುತ್ತಿದ್ದೇನೆ ಎಂದುಕೊಳ್ಳಿ.

ನಿಮ್ಮ
ಇಳಾ