ನಾಲ್ಕು ನಿಮಿಷ ಉಳಿಸಿದವರಿಗೆ

ವಿದ್ಯುತ್ ಸಂಸ್ಥೆಯ ಪ್ರಕ್ರಿಯೆ ಮರುವಿನ್ಯಾಸ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಕಳೆದ ತಿಂಗಳ ಒಂಬತ್ತರಂದು ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ, ನನ್ನ ಭಾವ ಇನ್ನೂ ಕಂಬದ ಮೇಲಿರುವಾಗಲೇ, ನಾನು ಆ ಲೈನಿಗೆ ಕರೆಂಟು ಬಿಟ್ಟೆ. ‘ಪ್ರಕ್ರಿಯೆ ಸಂಪೂರ್ಣವಾಗಿ ಪಾಲನೆಯಾಗಿದೆ’ ಎನ್ನುತ್ತದೆ ನಿಮ್ಮ ವಿಚಾರಣಾ ವರದಿ. ನಿಜ, ಪಾಲನೆಯಾಗಿದೆ. ನನ್ನ ದೂರೇ ಅದು. ಕಚೇರಿಯ ಮೂಲಕ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಒಂದೇ ಸಾಲು ಬಂತು. ಅದಕ್ಕೇ ಈಗ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆ.

ನಾನು ಉಪಕೇಂದ್ರದ ಆಪರೇಟರ್. ಹದಿನೇಳು ವರ್ಷದಿಂದ ಒಂದೇ ಕೋಣೆ, ಗೋಡೆಯುದ್ದಕ್ಕೂ ಕರೆಂಟು ಹೊರಗೊಯ್ಯುವ ಆರು ಫೀಡರುಗಳ ಪ್ಯಾನೆಲ್, ಒಂದು ಮೇಜು, ಒಂದು ಫೋನು. ಅಕ್ಕನ ಗಂಡ ಲೈನ್‌ಮನ್. ಈ ಕೆಲಸಕ್ಕೆ ನನ್ನ ಕೈಯಲ್ಲಿ ಅರ್ಜಿ ಹಾಕಿಸಿದವರೇ ಅವರು. ಅವರು ಸುತ್ತುವ ಬೀದಿಗಳಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರ ಬಾಯಲ್ಲೂ ‘ಕಂಬದಣ್ಣ’.

ನಿಮ್ಮ ಮರುವಿನ್ಯಾಸಕ್ಕೆ ಮುಂಚೆ ನಮ್ಮಲ್ಲಿ ಒಂದು ಒರಟು ಪದ್ಧತಿ ಇತ್ತು. ಕಂಬ ಹತ್ತುವವನು ಮೊದಲು ಫೋನ್ ಮಾಡಬೇಕು. ನಾನು ಲೈನ್ ಆಫ್ ಮಾಡಿ, ಹಿಡಿಕೆಗೆ ‘ಜನ ಕೆಲಸದಲ್ಲಿದ್ದಾರೆ’ ಎಂಬ ಫಲಕ ತೂಗುಹಾಕಿ, ಪುಸ್ತಕದಲ್ಲಿ ಬರೆದು ಅನುಮತಿ ಕೊಡಬೇಕು. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಮತ್ತೆ ಫೋನ್ ಮಾಡಬೇಕು.

“ಇಳಿದ್ರಾ ಭಾವ?”

“ಇಳಿದೆ ಕಣೋ, ನೆಲದ ಮೇಲೇ ನಿಂತಿದೀನಿ.”

“ಜೊತೆಯವರು?”

“ಇಬ್ಬರೂ ಕೆಳಗಿದಾರೆ, ಕಣ್ಣೆದುರಿಗೇ ಇದಾರೆ. ಹಾಕು ಇನ್ನು.”

ಇಷ್ಟೇ ಮಾತು. ಎರಡು ಕರೆ, ಒಟ್ಟು ನಾಲ್ಕು ನಿಮಿಷ.

ಆಮೇಲೆ ನೀವು ಬಂದಿರಿ. ಸಂಸ್ಥೆಯ ಹತ್ತೊಂಬತ್ತು ವಿಭಾಗಗಳ ಮುನ್ನೂರಕ್ಕೂ ಹೆಚ್ಚು ಪ್ರಕ್ರಿಯೆಗಳನ್ನು ನೂರಕ್ಕಿಳಿಸುವ ಮಹತ್ಕಾರ್ಯ! ತರಬೇತಿಗೆಂದು ನಮ್ಮನ್ನೆಲ್ಲ ತಂಪು ಕೋಣೆಯೊಂದರಲ್ಲಿ ಕೂರಿಸಿದರು. ನಿಮ್ಮ ಸಲಹೆಗಾರರು ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸುತ್ತ, ಆ ಎರಡನೇ ಕರೆಯ ಚೀಟಿಯ ಮೇಲೆ ಬೆರಳಿಟ್ಟು ಕೇಳಿದರು: “ಇದರಿಂದ ಏನು ಉಪಯೋಗ ಆಗ್ತಿದೆ, ಹೇಳಿ?”

“ಸಾರ್, ಮನುಷ್ಯ ಕೆಳಗೆ ಇಳಿದಿದಾನೆ ಅಂತ ಗೊತ್ತಾಗತ್ತೆ,” ಎಂದೆ.

“ಅದು ಆಪ್‌ನಲ್ಲೇ ಬರತ್ತಲ್ಲ?”

ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ದೊಡ್ಡವರ ಮುಂದೆ ದಡ್ಡನಾಗಬಾರದೆಂದು ನಾನೂ ನಕ್ಕೆ. ಅವರು ಚೀಟಿಯ ಮೇಲೆ ‘ಪುನರಾವರ್ತನೆ’ ಎಂದು ಬರೆದು ಕಿತ್ತು ಬುಟ್ಟಿಗೆ ಹಾಕಿದರು.

ಹೊಸ ಪ್ರಕ್ರಿಯೆಯಲ್ಲಿ ಎರಡೂ ಕರೆ ಇಲ್ಲ, ಎಲ್ಲ ಆಪ್ ಮೂಲಕವೇ. ಲೈನ್‌ಮನ್ನಿಗೆ ಕೆಲಸಕ್ಕೆ ತಕ್ಕಂತೆ ಇಷ್ಟು ನಿಮಿಷ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಹೆಚ್ಚು ಸಮಯ ಬೇಕಾದರೆ ಮೊಬೈಲಿನಲ್ಲಿ ಕೋರಿಕೆ ಹಾಕಬೇಕು, ಶಾಖಾ ಎಂಜಿನಿಯರ್ ಒಪ್ಪಬೇಕು. ಒಪ್ಪಿಗೆ ಬಾರದಿದ್ದರೆ, ಅವಧಿ ತೀರಿದ ಕೂಡಲೇ ನನ್ನ ಪರದೆಯ ಮೇಲೆ ‘ಕೆಲಸ ಮುಗಿದಿದೆ’ ಎಂದು ತಾನಾಗಿ ಬರುತ್ತದೆ. ಎರಡು ನಿಮಿಷದೊಳಗೆ ಕರೆಂಟು ಬಿಡದಿದ್ದರೆ ನನ್ನ ಹೆಸರಿನ ಮುಂದೆ ಕೆಂಪು ಗುರುತು. ಸಮಯ ಮುಗಿದರೆ ಕೆಲಸ ಮುಗಿಯಿತು! ಮಾನ್ಯರೇ, ಈ ಲೆಕ್ಕದಲ್ಲಿ ಊಟದ ಹೊತ್ತು ಮುಗಿದರೆ ಹಸಿವೂ ಮುಗಿದಂತೆಯೇ?

ಅಂದು ಭಾವ ಕೆಲಸ ಮುಗಿಸಿ, ಸುರಕ್ಷತೆಗೆಂದು ತಂತಿಗೆ ಹಾಕಿದ್ದ ಅರ್ಥಿಂಗ್ ತೆಗೆದು ಇಳಿಯಲು ಹೊರಟಿದ್ದರು. ಪಕ್ಕದ ತಂತಿಯ ಜೋಡಣೆ ಸಡಿಲವಾಗಿರುವುದು ಆಗ ಕಣ್ಣಿಗೆ ಬಿತ್ತು. ಹಾಗೇ ಬಿಟ್ಟಿದ್ದರೆ ನಾಳೆ ಯಾರದೋ ತಲೆಯ ಮೇಲೆ ಬೀಳುತ್ತಿತ್ತು. ಇನ್ನೂ ಹತ್ತು ನಿಮಿಷ ಬೇಕೆಂದು ಕಂಬದ ಮೇಲಿಂದಲೇ ಕೋರಿಕೆ ಹಾಕಿದರು. ಶಾಖಾ ಎಂಜಿನಿಯರ್ ಎಲ್ಲಿದ್ದರು ಗೊತ್ತೇ? ನಿಮ್ಮದೇ ಹೊಸ ಪ್ರಕ್ರಿಯೆಯ ತರಬೇತಿಯಲ್ಲಿ, ಮೊಬೈಲನ್ನು ಬಾಗಿಲ ಬಳಿಯ ಡಬ್ಬಿಯಲ್ಲಿಟ್ಟು ಕೂತಿದ್ದರು. ಅತ್ತ ಕೋರಿಕೆ ‘ಪರಿಶೀಲನೆಯಲ್ಲಿ’ ಇತ್ತು. ಇತ್ತ ನನ್ನ ಪರದೆ ‘ಕೆಲಸ ಮುಗಿದಿದೆ’ ಎಂದಿತು.

ನನ್ನ ಕೈ ಫೋನಿನ ಮೇಲೆ ಹೋಗಿತ್ತು. ಇದನ್ನು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ, ಹಾಗಾಗಿ ಇಲ್ಲಿ ಹೇಳುತ್ತೇನೆ. ಹಿಂದಿನ ವಾರವಷ್ಟೇ ಬೇರೊಬ್ಬ ಲೈನ್‌ಮನ್ನಿಗೆ ಫೋನ್ ಮಾಡಿದ್ದಕ್ಕೆ ‘ಅನಧಿಕೃತ ಸಂಪರ್ಕ’ ಎಂದು ಮೆಮೊ ಬಂದಿತ್ತು. ಇನ್ನೊಂದು ಬಂದರೆ ಬಡ್ತಿ ತಪ್ಪುತ್ತದೆ. ಕೈ ಹಿಂದಕ್ಕೆ ತೆಗೆದೆ. ಸ್ವಿಚ್ ಹಾಕಿದೆ.

ಲೈನ್ ತಕ್ಷಣ ಟ್ರಿಪ್ ಆಗಿ ತಾನಾಗಿ ಆಫ್ ಆಯಿತು. ಕರೆಂಟು ಏನನ್ನೋ ಮುಟ್ಟಿದೆ ಎಂದು ಆ ಸದ್ದೇ ಹೇಳಿತು.

ಭಾವ ಬದುಕಿದ್ದಾರೆ. ಬಲಗೈಯನ್ನು ಮೊಣಕೈವರೆಗೆ ತೆಗೆದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ನನ್ನನ್ನು ನೋಡಿ ಎದ್ದು ನಿಂತಳು. “ಸ್ವಿಚ್ ಹಾಕಿದ್ದು ನೀನೇನೋ?” ಎಂದಳು. ‘ಪ್ರಕ್ರಿಯೆ’ ಎಂಬ ಮಾತನ್ನು ಪಕ್ಕಕ್ಕಿಟ್ಟು “ಹೌದಕ್ಕ” ಎಂದೆ. ಅವಳು ತಿರುಗಿ ವಾರ್ಡಿನೊಳಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ನಾಲ್ಕು ದಿನದ ಮೇಲೆ ಭಾವನೇ ಒಳಗೆ ಕರೆಸಿದರು.

“ನಿಂಗೆ ಒಂದು ಫೋನ್ ಮಾಡ್ಬಿಡೋಣ ಅಂತಿದ್ದೆ ಕಣೋ. ಆಮೇಲೆ, ನಿಂಗೆ ಇನ್ನೊಂದು ಮೆಮೊ ಯಾಕೆ ಅಂತ ಸುಮ್ಮನಾದೆ.”

ಮಾನ್ಯರೇ, ನಿಮ್ಮ ಪರದೆಯ ಯಾವ ಚೌಕದಲ್ಲಿ ಈ ಮಾತನ್ನು ತುಂಬಲಿ?

ತಿಂಗಳ ಕೊನೆಗೆ ಉಪಕೇಂದ್ರದ ಅಂಕಪಟ್ಟಿ ಬಂತು. ಒಂಬತ್ತನೇ ತಾರೀಖಿಗೆ ಹಸಿರು ಗುರುತು: ಕರೆಂಟು ಸಕಾಲದಲ್ಲಿ ಬಿಡಲಾಗಿದೆ. ಗಾಯಕ್ಕೆ ಉಪ್ಪು ಸವರುವುದಕ್ಕೂ ನಿಮ್ಮಲ್ಲಿ ಒಂದು ಪ್ರಕ್ರಿಯೆ ಇದೆಯೆಂದು ನನಗೆ ತಿಳಿದಿರಲಿಲ್ಲ.

ಬದಲಾವಣೆಯೇ ಬೇಡ ಎನ್ನುವ ಹಳೇ ತಲೆ ನಾನಲ್ಲ. ಒಂದು ಬಲ್ಬಿನ ಬೇಡಿಕೆಗೆ ಏಳು ಸಹಿ ಹಾಕಿಸುತ್ತಿದ್ದ ಕಾಲವನ್ನು ನೀವು ಮುಗಿಸಿದಿರಿ, ಕೈಮುಗಿಯುತ್ತೇನೆ. ಆದರೆ ಏಳು ಸಹಿಯನ್ನೂ ಒಂದು ಜೀವದ ದನಿಯನ್ನೂ ಒಂದೇ ಬುಟ್ಟಿಗೆ ಹಾಕಿದಿರಲ್ಲ, ಆ ಚೀಟಿ ಕೀಳುವ ಮುಂಚೆ ಒಂದೇ ಒಂದು ಸಲ ಕಂಬದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಬಾರದಿತ್ತೇ?

ಕಳೆದ ಸೋಮವಾರದಿಂದ ನಾನು ನಿಮ್ಮ ಪ್ರಕ್ರಿಯೆಯನ್ನು ಮುರಿಯುತ್ತಿದ್ದೇನೆ. ಪರದೆ ಏನೇ ಹೇಳಲಿ, ಫೋನ್ ಮಾಡಿ ಕೇಳಿಯೇ ಸ್ವಿಚ್ ಹಾಕುತ್ತೇನೆ. ಐದು ದಿನಕ್ಕೆ ಹದಿನಾಲ್ಕು ಕೆಂಪು ಗುರುತು, ಎರಡು ಮೆಮೊ. ಗುರುವಾರ ಪರದೆ ‘ಕೆಲಸ ಮುಗಿದಿದೆ’ ಎಂದಾಗ ಮಾಡಿದ ಕರೆಗೆ ಆ ಕಡೆಯಿಂದ ಬಂದ ಉತ್ತರ ಇದು: “ಅಯ್ಯೋ, ಹಾಕ್ಬೇಡಿ ಸಾರ್, ಇನ್ನೂ ಮೇಲಿದೀನಿ!” ನಿಮ್ಮ ದಾಖಲೆಯಲ್ಲಿ ಆ ಘಟನೆ ‘ಹದಿನೆಂಟು ನಿಮಿಷ ವಿಳಂಬ’ ಎಂದಿದೆ.

ನಿನ್ನೆ ನನ್ನ ವರ್ಗಾವಣೆಯ ಆದೇಶ ಬಂತು, ಉಗ್ರಾಣಕ್ಕೆ. ನಾಡಿದ್ದು ಬೆಳಗ್ಗೆ ಎಂಟಕ್ಕೆ ನನ್ನ ಕುರ್ಚಿಗೆ ಹೊಸಬಳೊಬ್ಬಳು ಬರುತ್ತಾಳೆ. ನಿಮ್ಮ ತರಬೇತಿಯಲ್ಲಿ ಮೊದಲ ದರ್ಜೆಯಂತೆ. ಅವಳಿಗೆ ಪರದೆ ನೋಡಿ ಅಭ್ಯಾಸ, ದನಿ ಕೇಳಿ ಅಲ್ಲ. ನನ್ನನ್ನು ಎಲ್ಲಿಗೆ ಬೇಕಾದರೂ ಹಾಕಿ, ಮನೆಗೇ ಕಳಿಸಿ. ನಾನು ಕೇಳುವುದು ಒಂದೇ: ಕಂಬದಿಂದ ಇಳಿದವನು ತಾನೇ ಬಾಯಿಬಿಟ್ಟು ‘ಇಳಿದೆ’ ಎನ್ನುವ ತನಕ ಯಾವ ಉಪಕೇಂದ್ರದಲ್ಲೂ ಸ್ವಿಚ್ ಹಾಕಕೂಡದೆಂದು ಒಂದು ಸಾಲಿನ ಆದೇಶ ಹೊರಡಿಸಿ. ನಾಡಿದ್ದು ಎಂಟರೊಳಗೆ. ಎಂಟೂಕಾಲಿಗೆ ಅವಳು ನೋಡಿಕೊಳ್ಳುವ ಫೀಡರೊಂದರಲ್ಲಿ ಮೂವರು ಕಂಬ ಹತ್ತುವವರಿದ್ದಾರೆ.

ಇಂತಿ,
ನಿಮ್ಮ ಪ್ರಕ್ರಿಯೆಯನ್ನು ಚಾಚೂ ತಪ್ಪದೆ ಪಾಲಿಸಿದ ತಪ್ಪಿಗಾಗಿ ಅಕ್ಕನ ಮನೆಯ ಮೆಟ್ಟಿಲು ಹತ್ತಲಾರದ
ಒಬ್ಬ ಆಪರೇಟರ್