ಬಿಳಿ ಚೀಟಿ

೧೮೫೬ ನವೆಂಬರ್ ೪, ಮಂಗಳವಾರ

ಹಿಟ್ಟಿನ ವ್ಯಾಪಾರಿ ಆಬ್ನರ್ ಥ್ರಾಲ್ ಇವತ್ತು ಶಾಸನಸಭೆಗೆ ಗೆದ್ದ. ಬಂದರು ಹೆಪ್ಪುಗಟ್ಟಿದ್ದ ಆ ಚಳಿಗಾಲದಲ್ಲಿ, ಬೆಲೆ ಏರಲೆಂದು ಉಗ್ರಾಣಕ್ಕೆ ಬೀಗ ಜಡಿದವನು ಇವನೇ. ಊರು ಮರೆತಿದೆ. ಆ ಹಸಿವಿನಲ್ಲಿ ಹೆಂಡತಿ ಮರ್ಸಿಯನ್ನು ಮಣ್ಣು ಮಾಡಿದ ನಾನು ಹೇಗೆ ಮರೆಯಲಿ?

ಮತಪೆಟ್ಟಿಗೆಯ ಪಕ್ಕದಲ್ಲೇ ನಿಂತು ಅವನು ಚೀಟಿಗಳ ಬಣ್ಣ ನೋಡುತ್ತಿದ್ದ. ಅವನ ಪಕ್ಷದ್ದು ಹಸಿರು, ಎದುರಿನವರದು ಬಿಳಿ. ಅವನ ಉಗ್ರಾಣದಲ್ಲೇ ದುಡಿಯುವ ಮಗ ಸೈಲಸ್ ನನ್ನ ತೋಳು ಹಿಡಿದ: "ಅಪ್ಪಾ, ದಮ್ಮಯ್ಯ, ಹಸಿರು ಹಾಕು."

ಬಿಳಿಯದನ್ನೇ ಹಾಕಿದೆ.

"ಏನ್ ಮೇಷ್ಟ್ರೇ, ಇಷ್ಟು ಓದಿದ್ರೂ ಬಣ್ಣ ಗೊತ್ತಾಗಲಿಲ್ವಾ?" ಎಂದು ಥ್ರಾಲ್ ನಕ್ಕ. ಸಂಜೆಗೆ ಸೈಲಸ್‌ನ ಕೆಲಸ ಹೋಯಿತು.

"ಅಮ್ಮ ಹೇಗಿದ್ರೂ ವಾಪಸ್ ಬರಲ್ಲ. ಇರೋ ನನ್ನ ಬಗ್ಗೆ ಯೋಚಿಸಲೇ ಇಲ್ವಲ್ಲಪ್ಪ ನೀನು" ಎಂದವನು ಈಗ ಪಕ್ಕದ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದಾನೆ. ಬೆಳಿಗ್ಗೆ ತಿಮಿಂಗಿಲ ಬೇಟೆಯ ಹಡಗು ಹತ್ತುತ್ತಾನಂತೆ. ಎದ್ದು ಹೋಗಿ ತಡೆಯಬೇಕು. ಹೋಗಿ ಏನೆಂದು ಹೇಳಲಿ?